ಯಂಕಂಚಿಯ ಎರಡನೆಯ ಹೆಸರು

2021ರಲ್ಲಿ ನಾನು ವಿಜಯಪುರದಲ್ಲಿ ಸ್ವತಂತ್ರ ಡೇಟಾಬೇಸ್ ಸಲಹೆಗಾರನಾಗಿದ್ದೆ. ಅದಕ್ಕೂ ಮೊದಲು ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಆಗಿ ದುಡಿದು, ಸ್ವಯಂ ನಿವೃತ್ತಿ ಪಡೆದು ಬಂದಿದ್ದೆ. ನನ್ನ ಗ್ರಾಹಕರೆಲ್ಲ ಸಣ್ಣವರು: ಎರಡು ಕಾಲೇಜು, ಒಂದು ಬೀಜದ ಕಂಪನಿ, ಒಂದು ಟ್ರಾವೆಲ್ಸ್. ಅವರ ಮಾಹಿತಿಯನ್ನು ಎಲ್ಲಿ ಇಡಬೇಕು, ಹೇಗೆ ಕಾಯಬೇಕು ಎಂದು ಹೇಳುವುದು ನನ್ನ ಕೆಲಸ. ಹಾಗೆ ಬರೆದುಕೊಟ್ಟ ವರದಿಗಳು ಎಷ್ಟಿವೆಯೋ ಲೆಕ್ಕವಿಟ್ಟಿಲ್ಲ. ಅವುಗಳಲ್ಲಿ ಹನ್ನೊಂದು ಪುಟದ ಒಂದು ವರದಿಯ ಕಥೆ ಇದು. ಇದರಲ್ಲಿ ಬರುವವರ ಹೆಸರುಗಳನ್ನು ಬದಲಿಸಿದ್ದೇನೆ. ಉಳಿದದ್ದನ್ನು ಬದಲಿಸುವ ಅಧಿಕಾರ ನನಗಿಲ್ಲ.

ಆ ವರದಿ ಕೇಳಿದವರು ಡಾ. ನಸೀಮಾ. ಇಂಡಿಯವರು, ತಲೆಮಾರುಗಳಿಂದ ಅಲ್ಲೇ ಇರುವ ಮನೆತನ. ಪೆಥಾಲಜಿ ಓದಿಬಂದು ಸಿಂದಗಿಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಹಾಕಿದ್ದರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ರಕ್ತ ತೆಗೆದುಕೊಳ್ಳುವ ಒಂದೊಂದು ಸಣ್ಣ ಕೇಂದ್ರವಿತ್ತು. ಅಲ್ಲಿಂದ ಸ್ಯಾಂಪಲ್‌ಗಳು ಐಸ್ ಡಬ್ಬಿಯಲ್ಲಿ ಬೆಳಗಿನ ಬಸ್ಸಿಗೆ ಬಂದು ಸಿಂದಗಿ ಸೇರುತ್ತಿದ್ದವು, ಮಧ್ಯಾಹ್ನದ ಹೊತ್ತಿಗೆ ವರದಿಯ ಲಿಂಕ್ ರೋಗಿಯ ಮೊಬೈಲಿಗೆ ಹೋಗುತ್ತಿತ್ತು. ಎಲ್ಲ ಮಾಹಿತಿಯೂ ಸಿಂದಗಿಯ ಲ್ಯಾಬಿನ ಮೂಲೆಯಲ್ಲಿದ್ದ ಒಂದೇ ಕಂಪ್ಯೂಟರ್‌ನಲ್ಲಿತ್ತು. ಕರೆಂಟ್ ಹೋಗಿಬಂದಾಗಲೆಲ್ಲ ಅದು ಕಿರುಗುಟ್ಟುತ್ತಿತ್ತು. ಎರಡು ಸಲ ಅದರ ಹಾರ್ಡ್ ಡಿಸ್ಕ್ ಕೈಕೊಡುವ ಹಂತಕ್ಕೆ ಬಂದಿತ್ತು.

"ಇದನ್ನ ಕ್ಲೌಡಿಗೆ ಹಾಕಿಬಿಡ್ರಿ ಸರ್. ಇದರ ಸಪ್ಪಳ ಕೇಳಿದ್ರ ನನಗ ಎದಿ ಹೊಡ್ಕೊಂತೈತಿ" ಎಂದರು ಮೇಡಂ ಮೊದಲ ದಿನವೇ.

ಕ್ಲೌಡಿಗೆ ಹಾಕುವುದು ಎಂದರೆ, ನಮ್ಮ ಮಾಹಿತಿಯನ್ನು ಇನ್ನೊಂದು ಕಂಪನಿಯ ಯಂತ್ರದಲ್ಲಿ ಇಟ್ಟು ಇಂಟರ್‌ನೆಟ್ ಮೂಲಕ ಬಳಸುವುದು. ಅದರಲ್ಲೂ ಮ್ಯಾನೇಜ್ಡ್ ಡೇಟಾಬೇಸ್ ಎಂಬ ಸೇವೆ ಇದೆ. ಯಂತ್ರದ ದುರಸ್ತಿ, ಸಾಫ್ಟ್‌ವೇರ್ ನವೀಕರಣ, ಪ್ರತಿದಿನ ಒಂದು ನಕಲು ತೆಗೆದಿಡುವ ಬ್ಯಾಕಪ್ ಕೆಲಸ, ಎಲ್ಲವನ್ನೂ ಆ ಕಂಪನಿಯೇ ನೋಡಿಕೊಳ್ಳುತ್ತದೆ. ಲ್ಯಾಬಿನವರು ಲ್ಯಾಬಿನ ಕೆಲಸ ಮಾಡಿಕೊಂಡಿದ್ದರೆ ಸಾಕು. ನಾನು ಐದಾರು ಸೇವೆಗಳನ್ನು ನೋಡಿ ಕೊನೆಗೆ ಎರಡನ್ನು ಉಳಿಸಿಕೊಂಡೆ. ಒಂದು ಜಗತ್ತಿನಾದ್ಯಂತ ಇರುವ ದೊಡ್ಡ ಕಂಪನಿಯದು. ಇನ್ನೊಂದು ನಮ್ಮ ರಾಜ್ಯದವರೇ ನಡೆಸುತ್ತಿದ್ದ ಚಿಕ್ಕ ಕಂಪನಿಯದು. ಖರ್ಚು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆಗಿದ್ದರಿಂದ ಆ ಮಾತು ನಮ್ಮ ನಡುವೆ ಬರಲೇ ಇಲ್ಲ.

ದೊಡ್ಡ ಕಂಪನಿ ಮಾಹಿತಿಯ ನಕಲನ್ನು ಬೇರೆ ಕಟ್ಟಡದಲ್ಲಿ ಇಡುತ್ತಿತ್ತು. ಕಳೆದ ಮೂವತ್ತು ದಿನಗಳಲ್ಲಿ ಯಾವ ಕ್ಷಣಕ್ಕೆ ಬೇಕಾದರೂ ಡೇಟಾಬೇಸನ್ನು ಹಿಂದಕ್ಕೆ ಒಯ್ಯಬಹುದಿತ್ತು. ಆದರೆ ತೊಂದರೆ ಬಂದರೆ ಇಂಗ್ಲಿಷಿನಲ್ಲಿ ದೂರು ಬರೆದು, ಉತ್ತರಕ್ಕಾಗಿ ಕಾಯಬೇಕು. ಚಿಕ್ಕ ಕಂಪನಿ ದಿನಕ್ಕೊಂದು ಬ್ಯಾಕಪ್ ತೆಗೆಯುತ್ತಿತ್ತು. ಅದರಲ್ಲಿ ಪ್ರಶಾಂತ ಎಂಬ ಎಂಜಿನಿಯರ್ ಇದ್ದ. ಎರಡನೆಯ ರಿಂಗಿಗೆ ಫೋನ್ ಎತ್ತುತ್ತಿದ್ದ, ಕನ್ನಡದಲ್ಲಿ ಮಾತಾಡುತ್ತಿದ್ದ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದ. ಈ ವೃತ್ತಿಯಲ್ಲಿ ಅಂಥವರು ಅಪರೂಪ.

ಮೇಡಂಗೆ ಇದ್ದದ್ದು ಒಂದೇ ಪ್ರಶ್ನೆ. "ನೀವು ಊರಾಗ ಇಲ್ಲದಾಗ ಕೆಟ್ರ, ನಮ್ಮ ಶಿವಲೀಲಾ ಯಾರಿಗೆ ಫೋನ್ ಮಾಡಬೇಕ್ರಿ?"

ನಾನು ಹತ್ತು ಅಂಶಗಳ ಒಂದು ಕೋಷ್ಟಕ ಮಾಡಿದೆ. ವೇಗ, ಭದ್ರತೆ, ಬ್ಯಾಕಪ್, ಬೆಂಬಲ, ಬಳಕೆಯ ಸುಲಭ, ಹೀಗೆ. ಪ್ರತಿಯೊಂದಕ್ಕೂ ಹತ್ತು ಅಂಕ. ದೊಡ್ಡದಕ್ಕೆ ಎಪ್ಪತ್ತೊಂದು ಬಂತು, ಚಿಕ್ಕದಕ್ಕೆ ಎಪ್ಪತ್ನಾಲ್ಕು. ಬ್ಯಾಕಪ್‌ನಲ್ಲಿ ಹಿಂದೆ ಬಿದ್ದ ಚಿಕ್ಕ ಕಂಪನಿ ಬೆಂಬಲದಲ್ಲಿ ಮತ್ತು ಸುಲಭದಲ್ಲಿ ಮುಂದೆ ಹೋಗಿತ್ತು. ಮಾಹಿತಿ ಕಳೆದುಹೋಗದಂತೆ ಕಾಯುವುದಕ್ಕೂ, ಫೋನಿನಲ್ಲಿ ಚೆನ್ನಾಗಿ ಮಾತಾಡುವುದಕ್ಕೂ ನಾನು ಒಂದೇ ತೂಕ ಕೊಟ್ಟಿದ್ದೆ. ಆಗ ಅದು ನನಗೆ ಕಾಣಲಿಲ್ಲ. ಕೋಷ್ಟಕ ನ್ಯಾಯವಾಗಿದೆ ಅನ್ನಿಸಿತು. ಹನ್ನೊಂದು ಪುಟದ ವರದಿಯಲ್ಲಿ ಚಿಕ್ಕ ಕಂಪನಿಯನ್ನೇ ಶಿಫಾರಸು ಮಾಡಿದೆ, ಮೇಡಂ ಒಪ್ಪಿದರು.

ಬ್ಯಾಕಪ್ ಎಲ್ಲಿಡುತ್ತೀರಿ ಎಂದು ಪ್ರಶಾಂತನನ್ನು ಕೇಳಿದ್ದೆ. "ಬೇರೆ ಸರ್ವರ್‌ನಾಗ ಇಡ್ತೇವ್ರಿ ಸರ್" ಎಂದಿದ್ದ. ಬೇರೆ ಎಂಬ ಮಾತು ಕೇಳಿ ಅಷ್ಟಕ್ಕೇ ಬಿಟ್ಟೆ. ಬೇರೆ ಸರ್ವರ್ ಇರುವುದು ಬೇರೆ ಕಟ್ಟಡದಲ್ಲೋ, ಅದರ ಡಿಸ್ಕ್ ಕೂಡ ಬೇರೆಯೋ ಎಂದು ಕೇಳಬೇಕಿತ್ತು; ಎರಡು ಸರ್ವರ್‌ಗಳು ಮಾಹಿತಿಯನ್ನು ಒಂದೇ ಡಿಸ್ಕಿನಲ್ಲಿ ಇಡುವುದೂ ಉಂಟು. ಹುಬ್ಬಳ್ಳಿಯಲ್ಲಿ ನನ್ನ ಕೈಕೆಳಗಿನವರಿಗೆ ಇದನ್ನೇ ನೂರು ಸಲ ಹೇಳಿಕೊಟ್ಟವನು ನಾನು.

ಇನ್ನು ಶಿವಲೀಲಾ ಅವರ ವಿಷಯ. ಆಕೆ ಲ್ಯಾಬಿನ ಹಿರಿಯ ಟೆಕ್ನಿಷಿಯನ್, ಆಗ ನಲವತ್ತೈದರ ಆಸುಪಾಸು, ಸಿಂದಗಿಯವರೇ. ಪರೀಕ್ಷೆಯ ಕೆಲಸದ ಜೊತೆಗೆ ಇನ್ನೊಂದು ಕೆಲಸವನ್ನು ತಾವೇ ಹಚ್ಚಿಕೊಂಡಿದ್ದರು. ಲ್ಯಾಬಿಗೆ ಬರುವ ಗರ್ಭಿಣಿಯರಲ್ಲಿ ರಕ್ತದ ಗುಂಪು ನೆಗೆಟಿವ್ ಇದ್ದವರ ಹೆಸರನ್ನು ಉದ್ದನೆಯ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ತಾಯಿಯದು ನೆಗೆಟಿವ್, ಹೊಟ್ಟೆಯಲ್ಲಿರುವ ಮಗುವಿನದು ಪಾಸಿಟಿವ್ ಆಗಿದ್ದರೆ, ಹೆರಿಗೆಯಲ್ಲಿ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿ, ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮುಂದಿನ ಮಗು ಹೊಟ್ಟೆಯಲ್ಲಿರುವಾಗ ಆ ಪ್ರತಿಕಾಯಗಳು ಅದರ ರಕ್ತವನ್ನು ಒಡೆಯುತ್ತವೆ. ಇದನ್ನು ತಡೆಯಲು ಆಂಟಿ-ಡಿ ಎಂಬ ಇಂಜೆಕ್ಷನ್ ಇದೆ. ಏಳೆಂಟನೆಯ ತಿಂಗಳ ಹೊತ್ತಿಗೆ ಒಂದು, ಹೆರಿಗೆಯಾಗಿ ಎಪ್ಪತ್ತೆರಡು ಗಂಟೆಯೊಳಗೆ ಇನ್ನೊಂದು. ಸಣ್ಣ ಊರುಗಳಲ್ಲಿ ಅದು ಬೇಕೆಂದಾಗ ಸಿಗುವುದಿಲ್ಲ, ಮೊದಲೇ ತರಿಸಿಡಬೇಕು.

ಶಿವಲೀಲಾ ಪ್ರತಿಯೊಬ್ಬಳಿಂದ ಮೂರು ಫೋನ್ ನಂಬರ್ ತೆಗೆದುಕೊಳ್ಳುತ್ತಿದ್ದರು: ಗಂಡನದು, ಅತ್ತೆ ಮನೆಯದು, ತವರಿನದು. ಪರೀಕ್ಷೆ ಮಾಡಿಸುವುದು ಗಂಡನ ಊರಿನಲ್ಲಿ, ಹೆರಿಗೆಗೆ ಹೋಗುವುದು ತವರಿಗೆ. ಆ ನಡುವೆ ಕಾಗದಗಳೆಲ್ಲ ಎಲ್ಲೋ ಉಳಿದುಬಿಡುತ್ತವೆ ಎಂದು ಅವರಿಗೆ ಗೊತ್ತಿತ್ತು. ದಿನ ಹತ್ತಿರ ಬಂದಾಗ ಮೂರಕ್ಕೂ ಫೋನ್ ಮಾಡುತ್ತಿದ್ದರು. "ಯವ್ವಾ, ಸೂಜಿ ತರಿಸಿಟ್ಟೀರೇನು? ಹಡದ ಮೂರು ದಿನದಾಗ ಹಾಕಿಸಬೇಕು, ಮರೀಬ್ಯಾಡ್ರಿ" ಎನ್ನುವುದು ಲ್ಯಾಬಿನಲ್ಲಿ ದಿನವೂ ಕೇಳಿಬರುತ್ತಿದ್ದ ಮಾತು.

ನಾನು ಆ ನೋಟ್‌ಬುಕ್ ನೋಡಿ, ಅದಕ್ಕೆಂದೇ ಡೇಟಾಬೇಸಿನಲ್ಲಿ ಒಂದು ಪುಟ ಮಾಡಿಕೊಟ್ಟೆ. ಯಾರಿಗೆ ಯಾವತ್ತು ಫೋನ್ ಮಾಡಬೇಕೆಂದು ಬೆಳಿಗ್ಗೆ ಪರದೆಯ ಮೇಲೆ ತಾನೇ ಬರುತ್ತಿತ್ತು. ಶಿವಲೀಲಾಗೆ ಅದು ಬಹಳ ಹಿಡಿಸಿತು. ಆದರೂ ಒಂದೆರಡು ವಾರ ನೋಟ್‌ಬುಕ್ಕಿನಲ್ಲೂ ಬರೆಯುತ್ತಿದ್ದರು. ಅದನ್ನು ನಿಲ್ಲಿಸಿದವನು ನಾನು.

"ಎರಡು ಕಡೆ ಯಾಕ ಬರೀತೀರಿ? ಒಂದರಾಗ ತಪ್ಪಾದ್ರ ಇನ್ನೊಂದು ಗೊಂದಲ ಆಗ್ತೈತಿ. ಕ್ಲೌಡ್‌ನಾಗ ಇರ್ತೈತ್ರಿ, ಎಲ್ಲೂ ಹೋಗಂಗಿಲ್ಲ."

"ನೀವು ಹೇಳಿದ್ರ ಆತು ಬಿಡ್ರಿ ಸರ್" ಎಂದು ಅವರು ಪೆನ್ನು ಮುಚ್ಚಿದರು.

ಒಪ್ಪಂದದ ಪ್ರಕಾರ ಮೂರು ತಿಂಗಳಿಗೊಮ್ಮೆ ರಿಸ್ಟೋರ್ ಪರೀಕ್ಷೆ ಮಾಡಿಸಬಹುದಿತ್ತು. ಅಂದರೆ ಬ್ಯಾಕಪ್‌ನಿಂದ ಡೇಟಾಬೇಸನ್ನು ನಿಜವಾಗಿಯೂ ಮತ್ತೆ ಕಟ್ಟಿ ನೋಡುವುದು. ಅದೊಂದು ದಿನದ ಕೆಲಸ. ಮೊದಲನೆಯ ಸಲ ಡೆಂಗಿಯ ಕಾಲ, ಲ್ಯಾಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಮುಂದೂಡಿದೆವು. ಎರಡನೆಯ ಸಲ ನನ್ನ ಅಣ್ಣನ ಮಗಳ ಮದುವೆ. ಮೂರನೆಯ ಸಲ ಯಾಕೆ ಎಂದು ನೆನಪಿಲ್ಲ. ನಾಲ್ಕನೆಯ ಸಲ ಅದರ ಬಗ್ಗೆ ಯೋಚಿಸಿದ್ದೇ ಇಲ್ಲ. ಎಲ್ಲ ಸುರಳೀತ ನಡೆದಿತ್ತು. ಒಂದೆರಡು ಸಣ್ಣ ತೊಂದರೆ ಬಂದಾಗ ಪ್ರಶಾಂತ ಹತ್ತು ನಿಮಿಷದಲ್ಲಿ ಸರಿಪಡಿಸಿದ್ದ. ಮೇಡಂ ಇಂಡಿಯ ಇನ್ನೊಬ್ಬ ವೈದ್ಯರಿಗೂ ನನ್ನ ಹೆಸರು ಹೇಳಿದರು.

ಹದಿನಾಲ್ಕು ತಿಂಗಳು ಹೀಗೆ ಹೋಯಿತು.

2022ರ ಒಂದು ಬೆಳಿಗ್ಗೆ ಎಂಟರ ಹೊತ್ತಿಗೆ ಶಿವಲೀಲಾ ಫೋನ್ ಮಾಡಿದರು. ಪರದೆ ತೆರೆಯುತ್ತಿಲ್ಲ, ಹೊರಗೆ ಇಪ್ಪತ್ತು ಜನ ಕೂತಿದ್ದಾರೆ ಎಂದರು. ನಾನು ಪ್ರಶಾಂತನಿಗೆ ಫೋನ್ ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದ. ನಾನು ಹಲೋ, ಹಲೋ ಎಂದೆ.

"ಸರ್, ಸ್ಟೋರೇಜ್ ಕೆಟ್ಟೈತ್ರಿ. ರಿಪೇರಿ ಮಾಡಾಕ ಹೋಗಿ ನಮ್ಮವರು ತಪ್ಪ ಮಾಡ್ಯಾರ. ಎಲ್ಲಾ ಅಳಿಸಿಹೋಗೈತ್ರಿ."

"ಬ್ಯಾಕಪ್ ಹಾಕ್ರಿ ಹಂಗಾರ."

"ಬ್ಯಾಕಪ್ಪೂ ಅದರಾಗ ಇತ್ರಿ ಸರ್."

"ಬೇರೆ ಸರ್ವರ್ ಅಂದಿದ್ರೆಲ್ಲಾ?"

"ಸರ್ವರ್ ಬೇರೆನೇ ಇತ್ರಿ. ಡಿಸ್ಕ್ ಒಂದೇ ಇತ್ರಿ." ಅಷ್ಟು ಹೇಳಿ ಅವನು ಅಳತೊಡಗಿದ. ಅವನ ಮೇಲೆ ಸಿಟ್ಟು ಮಾಡಲು ನನಗೆ ಬಾಯಿ ಬರಲಿಲ್ಲ. ಅವನು ನನಗೆ ಸುಳ್ಳು ಹೇಳಿರಲಿಲ್ಲ. ನಾನು ಕೇಳದೆ ಬಿಟ್ಟಿದ್ದ ಪ್ರಶ್ನೆಯ ಉತ್ತರವನ್ನು ಈಗ ಹೇಳುತ್ತಿದ್ದ, ಅಷ್ಟೇ.

ನಾಲ್ಕು ದಿನ ಅವರು ಪ್ರಯತ್ನಿಸಿದರು. ಐದನೆಯ ದಿನ, ಏನೂ ಮರಳಿ ಸಿಗುವುದಿಲ್ಲ ಎಂದು ಬರೆದು ಕಳುಹಿಸಿದರು. ಹಳೆಯ ಕಂಪ್ಯೂಟರ್‌ನಲ್ಲಿ ಕ್ಲೌಡಿಗೆ ಹೋಗುವ ಮೊದಲಿನದೆಲ್ಲ ಇತ್ತು. ಹೋದದ್ದು ನಂತರದ ಹದಿನಾಲ್ಕು ತಿಂಗಳು. ನಾನು ಸಿಂದಗಿಗೆ ಹೋಗಿ ಮೇಡಂ ಎದುರು ಕುಳಿತು ಹೇಳಿದೆ. ಸಕ್ಕರೆ ಕಾಯಿಲೆಯವರ, ಥೈರಾಯ್ಡಿನವರ ಹಳೆಯ ವರದಿಗಳು ಹೋಗಿವೆ, ಅವನ್ನು ಮತ್ತೆ ಪರೀಕ್ಷೆ ಮಾಡಿಸಿ ಸರಿಪಡಿಸಬಹುದು ಎಂದೆ. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಬಾಗಿಲಲ್ಲಿ ನಿಂತಿದ್ದ ಶಿವಲೀಲಾ ಕೇಳಿದರು: "ನಮ್ಮ ನೆಗೆಟಿವ್ ಹೆಣ್ಮಕ್ಕಳು, ಸರ್?"

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದು ಕಪಾಟಿನಿಂದ ತಿಂಗಳ ಸಾರಾಂಶದ ಕಾಗದಗಳನ್ನು ತೆಗೆದರು. ತಿಂಗಳಿಗೊಂದು ಹಾಳೆ, ಯಾವ ಪರೀಕ್ಷೆ ಎಷ್ಟು ಆಗಿದೆ ಎಂದು ಬರೀ ಸಂಖ್ಯೆಗಳು. ಗರ್ಭಿಣಿ, ನೆಗೆಟಿವ್ ಎಂಬ ಸಾಲನ್ನು ಒಂದೊಂದಾಗಿ ಕೂಡಿಸಿದರು. ಇನ್ನೂ ಹೆರಿಗೆಯಾಗದೆ ಉಳಿದಿರಬಹುದಾದವರು, ಇಂಜೆಕ್ಷನ್ ಆಗಿದೆಯೆಂದು ಖಚಿತವಿಲ್ಲದವರು ಸೇರಿ ಅರವತ್ಮೂರು. ಸಂಖ್ಯೆ ಇತ್ತು, ಒಂದು ಹೆಸರೂ ಇರಲಿಲ್ಲ.

ಆವತ್ತಿನಿಂದ ಆರು ವಾರ ನಾವು ಮೂವರೂ ಅದೇ ಕೆಲಸ ಮಾಡಿದೆವು. ಶಿವಲೀಲಾ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುತ್ತಿದ್ದರು. "ಲಚ್ಯಾಣದಾಕಿ ಒಬ್ಬಾಕಿ ಇದ್ಲು, ಎತ್ತರಕ್ಕ, ಜೋಡಿ ಜಡಿ ಹಾಕ್ಕೊಂಡು ಬಂದಿದ್ಲು. ಮುದ್ದೇಬಿಹಾಳದಾಕಿ ಒಬ್ಬಾಕಿ ಸಾಲಿ ಟೀಚರ್. ಯಂಕಂಚಿದು ಒಂದು. ಬಾಗೇವಾಡಿ ಕೇಂದ್ರದಿಂದ ಬಂದಾವು ಏಳೆಂಟು, ಮಾರಿ ನಾ ನೋಡಿಲ್ಲ." ಮುಖ, ಊರು ನೆನಪಿದ್ದವು, ಹೆಸರು ನೆನಪಿರಲಿಲ್ಲ. ಹಾಗೆ ಬರೆದ ಪಟ್ಟಿ ಇಪ್ಪತ್ತೊಂಬತ್ತಕ್ಕೆ ನಿಂತಿತು.

ಲ್ಯಾಬಿನ ಮೊಬೈಲಿನಲ್ಲಿ ಕರೆ ಮಾಡಿದ ನಂಬರುಗಳು ಉಳಿದಿದ್ದವು, ಯಾರದೆಂದು ಗೊತ್ತಿಲ್ಲ. ನಾನೇ ಒಂದೊಂದಕ್ಕೂ ಫೋನ್ ಮಾಡತೊಡಗಿದೆ. "ನಿಮ್ಮ ಮನ್ಯಾಗ ಯಾರರ ಬಸುರಿ ಅದಾರೇನ್ರಿ?" ಎಂದು ಅಪರಿಚಿತ ಗಂಡಸಿನ ದನಿ ಕೇಳಿದರೆ ಜನ ಏನು ಮಾಡಬೇಕು? "ಯಾರಲೇ ನೀ? ನಿನಗ್ಯಾಕ ಬೇಕು ನಮ್ಮ ಮನಿ ಸುದ್ದಿ?" ಎಂದು ಒಬ್ಬ ಬೈದು ಇಟ್ಟ. ಎರಡು ದಿನವಾದ ಮೇಲೆ ಶಿವಲೀಲಾ ನನ್ನ ಕೈಯಿಂದ ಫೋನ್ ಕಸಿದುಕೊಂಡರು.

ನಾಲ್ಕೂ ತಾಲೂಕುಗಳಲ್ಲಿ ಓಡಾಡಿದೆವು. ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿದು, ಆಶಾ ಕಾರ್ಯಕರ್ತೆಯರ ಮನೆಗಳಿಗೆ ಹೋಗುತ್ತಿದ್ದೆವು. ಅವರು ರಿಜಿಸ್ಟರ್ ತೆರೆದು ತೋರಿಸುತ್ತಿದ್ದರು. ಮನೆಗಳಲ್ಲಿ ಹೆಣ್ಣುಮಕ್ಕಳು ಪ್ಲಾಸ್ಟಿಕ್ ಚೀಲ ಸುರಿದು ಕಾಗದ ಹುಡುಕುತ್ತಿದ್ದರು. ಲಚ್ಯಾಣದ ಜೋಡಿ ಜಡೆಯ ಹುಡುಗಿ ಸಿಕ್ಕಳು, ಅವಳಿಗೆ ಆಗ ಎಂಟು ತಿಂಗಳು. ಮುದ್ದೇಬಿಹಾಳದ ಟೀಚರ್ ತಾನೇ ನೆನಪಿಟ್ಟು ಎರಡೂ ಇಂಜೆಕ್ಷನ್ ತೆಗೆದುಕೊಂಡಿದ್ದರು. ಇಂಡಿಯಲ್ಲಿ ಒಬ್ಬಾಕೆಯ ಮನೆಗೆ ಹೆರಿಗೆಯಾದ ಮರುದಿನವೇ ನಾವು ಮುಟ್ಟಿದೆವು. ಮೇಡಂ ತಮ್ಮ ಕಾರಿನಲ್ಲೇ ವಿಜಯಪುರಕ್ಕೆ ಹೋಗಿ ಇಂಜೆಕ್ಷನ್ ತಂದರು.

ಸಿಂದಗಿ ತಾಲೂಕಿನ ಹಳ್ಳಿ ಯಂಕಂಚಿಗೂ ಹೋದೆವು. ಆಶಾ ಕಾರ್ಯಕರ್ತೆಯ ರಿಜಿಸ್ಟರಿನಲ್ಲಿ ಒಬ್ಬಳ ಹೆಸರಿನ ಮುಂದೆ ನೆಗೆಟಿವ್ ಎಂದಿತ್ತು. ಅವಳ ಮನೆಗೆ ಹೋಗಿ ಹೇಳಿ ಬಂದೆವು. ಇನ್ನೊಬ್ಬಳ ಹೆಸರಿನ ಮುಂದೆ ರಕ್ತದ ಗುಂಪಿನ ಜಾಗ ಖಾಲಿ ಇತ್ತು. ಖಾಸಗಿಯಾಗಿ ಪರೀಕ್ಷೆ ಮಾಡಿಸಿದ್ದಾಳೆ, ಚೀಟಿ ಇನ್ನೂ ತೋರಿಸಿಲ್ಲ, ಈಗ ತವರಿಗೆ ಹೋಗಿದ್ದಾಳೆ ಎಂದು ಕಾರ್ಯಕರ್ತೆ ಹೇಳಿದರು. ನಮ್ಮ ಪಟ್ಟಿಯಲ್ಲಿ ಯಂಕಂಚಿಯವಳು ಎಂದು ಒಬ್ಬಳೇ ಇದ್ದಳು, ಅವಳು ಸಿಕ್ಕಿದ್ದಳು. ಬಿಸಿಲು ಏರಿತ್ತು. ಮುಂದಿನ ಊರಿನ ಬಸ್ಸಿಗೆ ಹೊತ್ತಾಗಿತ್ತು. ನಾನು ಪಟ್ಟಿಯಲ್ಲಿ ಯಂಕಂಚಿಯ ಮುಂದೆ ಗೀಟು ಎಳೆದೆ.

ಆರು ವಾರಗಳ ಕೊನೆಗೆ ಐವತ್ತೆಂಟು ಜನ ಸಿಕ್ಕರು. ಐದು ಜನ ಸಿಗಲಿಲ್ಲ. "ಇಷ್ಟು ಮಂದಿಯರ ಸಿಕ್ಕರಲ್ರಿ" ಎಂದು ಯಾರೋ ಸಮಾಧಾನ ಹೇಳಿದರು. ಲ್ಯಾಬನ್ನು ನಾನು ದೊಡ್ಡ ಕಂಪನಿಯ ಸೇವೆಗೆ ಸಾಗಿಸಿದೆ. ಎಪ್ಪತ್ತೊಂದು ಅಂಕ ಪಡೆದಿದ್ದ ಅದೇ ಸೇವೆ. ಶಿವಲೀಲಾ ಹೊಸ ನೋಟ್‌ಬುಕ್ ತಂದು ಬರೆಯಲು ಶುರುಮಾಡಿದರು, ನನ್ನನ್ನು ಕೇಳಲಿಲ್ಲ. ನನ್ನೊಂದಿಗೆ ಅವರ ಮಾತು ಕೆಲಸಕ್ಕೆ ಬೇಕಾದಷ್ಟೇ ಆಯಿತು.

2024ರಲ್ಲಿ ಮೇಡಂ ಫೋನ್ ಮಾಡಿ, ಲ್ಯಾಬಿಗೆ ಬಂದು ಹೋಗ್ರಿ ಎಂದರು. ಯಾಕೆ ಎಂದು ಕೇಳಲು ಧೈರ್ಯ ಬರಲಿಲ್ಲ. ಅವರ ಮೇಜಿನ ಮೇಲೆ ಒಂದು ವರದಿ ಇತ್ತು. ಹೆಸರು ರೇಣುಕಾ, ವಯಸ್ಸು ಇಪ್ಪತ್ಮೂರು, ಊರು ಯಂಕಂಚಿ. ಎರಡನೆಯ ಬಸಿರು, ಐದನೆಯ ತಿಂಗಳು. ರಕ್ತದಲ್ಲಿ ಪ್ರತಿಕಾಯಗಳ ಪರೀಕ್ಷೆ ಪಾಸಿಟಿವ್, ಪ್ರಮಾಣ ಬಹಳ ಹೆಚ್ಚು.

"ಮೊದಲನೇ ಸಲ ರಕ್ತ ಎಲ್ಲಿ ತೋರಿಸಿದ್ದೆವ್ವಾ ಅಂತ ಕೇಳಿದೆ" ಎಂದರು ಮೇಡಂ. "'ಇಲ್ಲೇ ತೋರಿಸಿದ್ವಲ್ರಿ, ಶಿವಲೀಲಕ್ಕ ಮೂರು ನಂಬರ್ ಬರಕೊಂಡಿದ್ಲು' ಅಂದ್ಲು."

ರೇಣುಕಾಳ ಮೊದಲ ಹೆರಿಗೆ ಬಸವನ ಬಾಗೇವಾಡಿ ಕಡೆಯ ತವರೂರಿನಲ್ಲಿ ಆಗಿತ್ತು. ಮೂರು ವಾರ ಮೊದಲೇ ನೋವು ಕಾಣಿಸಿಕೊಂಡು, ಗಾಡಿ ಬರುವುದರೊಳಗೆ ಮನೆಯಲ್ಲೇ ಹೆತ್ತಿದ್ದಳು. ತಾಯಿ ಮಗು ಇಬ್ಬರೂ ಆರಾಮ ಇದ್ದರು. ಆಸ್ಪತ್ರೆಗೆ ಹೋದದ್ದು ಐದನೆಯ ದಿನ, ಸೂಜಿಯ ಎಪ್ಪತ್ತೆರಡು ಗಂಟೆ ಮುಗಿದ ಮೇಲೆ. ಕಾಗದಗಳು ಯಂಕಂಚಿಯಲ್ಲೇ ಉಳಿದಿದ್ದವು. ನಾವು ಅಲ್ಲಿಗೆ ಹೋಗಿ ಗೀಟು ಎಳೆದು ಬಂದ ಎಂಟು ದಿನಗಳ ನಂತರ ಆ ಹೆರಿಗೆ ಆಗಿತ್ತು.

ಎರಡನೆಯ ಮಗುವನ್ನು ಉಳಿಸಲು ವಿಜಯಪುರಕ್ಕೆ, ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಸ್ಕ್ಯಾನಿಂಗಿನಲ್ಲಿ ಮಗುವಿನ ಹೊಟ್ಟೆಯಲ್ಲಿ ನೀರು ತುಂಬಿಕೊಂಡದ್ದು ಕಾಣುತ್ತಿತ್ತಂತೆ. ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ರಕ್ತ ಕೊಡುವ ಪ್ರಯತ್ನ ಒಮ್ಮೆ ಮಾಡಿದರು. ಏಳನೆಯ ತಿಂಗಳಲ್ಲಿ ಮಗು ಹೋಯಿತು. ಗಂಡು ಮಗು. ಮುಂದೆ ಬಸಿರಾದರೂ ಹೀಗೇ ಆಗುವ ಸಂಭವ ಹೆಚ್ಚು ಎಂದು ವೈದ್ಯರು ಹೇಳಿ ಕಳುಹಿಸಿದರು.

ಒಂದು ತಿಂಗಳು ಬಿಟ್ಟು ಮೇಡಂ ಅವಳ ಮನೆಗೆ ಹೊರಟರು. ಹೋಗಬೇಡಿ, ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ, ಕೋರ್ಟಿಗೆ ಹೋದಾರು ಎಂದು ಅವರ ಪರಿಚಯದ ವಕೀಲರು ಹೇಳಿದ್ದರು.

"ಹೋದ್ರ ಹೋಗ್ಲಿ. ನಾ ಹೋಗಾಕಿನ. ನೀವು ಬರೂದು ಬಿಡೂದು ನಿಮಗ ಬಿಟ್ಟದ್ದು" ಎಂದರು ನನಗೆ. ನಾನು ಕಾರಿನಲ್ಲಿ ಹಿಂದೆ ಕುಳಿತೆ.

ರೇಣುಕಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಎರಡು ವರ್ಷದ ಮಗಳು ಅವಳ ತೊಡೆಯ ಮೇಲೆ ಮಲಗಿದ್ದಳು. ಗಂಡ ಶ್ರೀಶೈಲ ಗೂಡ್ಸ್ ಆಟೋ ಓಡಿಸುವವನು, ಇನ್ನೂ ಬಂದಿರಲಿಲ್ಲ. ಅತ್ತೆ ಒಳಗೆ ಅಡುಗೆ ಮನೆಯಲ್ಲಿದ್ದರು. ಮೇಡಂ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಸೂಜಿಯ ವಿಷಯ, ಫೋನ್ ಮಾಡಬೇಕಿದ್ದ ವಿಷಯ ಹೇಳಿದರು. ಮಾಹಿತಿ ಕಳೆದುಹೋದದ್ದು ಹೇಗೆಂದು ನಾನು ಹೇಳಿದೆ. ಎಲ್ಲಿ ಇಡಬೇಕು ಎಂದು ಆರಿಸಿದವನು ನಾನು, ನಕಲು ಎಲ್ಲಿದೆ ಎಂದು ಸರಿಯಾಗಿ ಕೇಳದವನು ನಾನು, ನೋಟ್‌ಬುಕ್ ನಿಲ್ಲಿಸಿದವನೂ ನಾನು ಎಂದೆ. ನಿಮ್ಮ ಊರಿನವರೆಗೆ ಬಂದು ಖಾಲಿ ಜಾಗ ನೋಡಿಯೂ ಹೋದೆ ಎಂದೆ.

ಅವಳು ಕೇಳುತ್ತ ಕುಳಿತಿದ್ದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು: "ಅಂದ್ರ, ನೀವು ಫೋನ್ ಮಾಡಿದ್ರ ಕೂಸು ಉಳೀತಿತ್ತೇನ್ರಿ?"

ಮೇಡಂ ಏನೋ ಹೇಳಲು ಹೋದರು. ಖಚಿತ ಹೇಳಲಾಗದು, ಸಂಭವ ಹೆಚ್ಚಿತ್ತು, ಇಂಥ ಮಾತು ಇರಬೇಕು. ನಾನು "ಹೌದವ್ವಾ, ಉಳೀತಿತ್ತು" ಎಂದೆ.

ಅವಳು ಅಳಲಿಲ್ಲ. ಮಗಳ ಕೂದಲು ಸರಿಮಾಡಿದಳು. ಆಮೇಲೆ ಒಳಗಿನ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು: "ಇದನ್ನ ನಮ್ಮ ಅತ್ತಿ ಮುಂದ ಹೇಳ್ರಿ. ಎಲ್ಲಾರೂ ನನ್ನ ರಕ್ತಾನ ಕೆಟ್ಟೈತಿ ಅಂತಾರ. ಅವಸರ ಮಾಡಿ ತವರಿಗೆ ಹೋದ್ಲು ಅಂತಾರ. ಇವರೂ ಸುಮ್ನ ಕೇಳ್ತಾರ. ನೀವು ಈಗ ಹೇಳಿದ್ರೆಲ್ಲಾ, ಹಂಗ ಹೇಳ್ರಿ. ಇವರು ಬರೂ ತನಕ ಕುಂದರ್ರಿ."

ನಾವು ಕುಳಿತೆವು. ಒಂದು ತಾಸಿನ ಮೇಲೆ ಶ್ರೀಶೈಲ ಬಂದ. ಅತ್ತೆಯೂ ಹೊರಗೆ ಬಂದು ಹೊಸ್ತಿಲ ಮೇಲೆ ಕುಳಿತರು. ನಾನು ಎಲ್ಲವನ್ನೂ ಮತ್ತೊಮ್ಮೆ, ಮೊದಲಿನಿಂದ ಹೇಳಿದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇನೆ, ಅಷ್ಟು ಸರಳವಾಗಿ ಎಂದೂ ಮಾತಾಡಿರಲಿಲ್ಲ. ಹುಡುಗಿಯ ರಕ್ತ ಕೆಟ್ಟಿಲ್ಲ, ಅಂಥ ರಕ್ತದವರು ಬಹಳ ಜನ ಇದ್ದಾರೆ, ಒಂದು ಸೂಜಿ ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲ, ಅದು ಬೀಳದಿದ್ದದ್ದಕ್ಕೆ ಕಾರಣ ನಾವು, ಅವಳಲ್ಲ ಎಂದೆ.

ಶ್ರೀಶೈಲ ತಲೆ ತಗ್ಗಿಸಿ ಕಾಲಿನ ಉಗುರು ನೋಡುತ್ತ ನಿಂತಿದ್ದ. ಅತ್ತೆ ಕೇಳಿದರು: "ನಿಮ್ಮ ಮಷೀನ್ ಕೆಟ್ರ ನಮ್ಮ ಮನೀಗೆ ಒಂದ ಮಾತು ಹೇಳಾಕ ಬರ್ತಿದ್ದಿಲ್ಲೇನು?"

"ಯಾರ ಮನೀಗೆ ಬರಬೇಕು ಅನ್ನೋದ ಗೊತ್ತಿರಲಿಲ್ಲವ್ವಾ" ಎಂದರು ಮೇಡಂ.

ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ತಂಬಿಗೆ ನೀರು ತಂದು, ನಮ್ಮನ್ನು ದಾಟಿ, ಸೊಸೆಯ ಮುಂದೆ ಇಟ್ಟರು. ಸೊಸೆ ಅದನ್ನು ಕುಡಿಯಲಿಲ್ಲ. ನಾವು ಎದ್ದೆವು. ಶ್ರೀಶೈಲ ಕಾರಿನವರೆಗೆ ಬಂದ. ಅವರು ಕೋರ್ಟಿಗೆ ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ರೇಣುಕಾಳ ಮನೆಯಲ್ಲಿ ಆಮೇಲೆ ಏನಾಯಿತೋ ಗೊತ್ತಿಲ್ಲ. ಆರು ತಿಂಗಳ ಹಿಂದೆ ಸಿಂದಗಿಯ ಬಸ್ ನಿಲ್ದಾಣದಲ್ಲಿ ಅವಳನ್ನು ದೂರದಿಂದ ಕಂಡೆ, ಮಗಳು ಜೊತೆಗಿದ್ದಳು. ಅವಳು ನನ್ನನ್ನು ನೋಡಿದಳು, ಗುರುತೂ ಹಿಡಿದಳು. ಮುಖ ತಿರುಗಿಸಲಿಲ್ಲ, ಮಾತಾಡಿಸಲೂ ಇಲ್ಲ. ಬಸ್ ಬಂತು, ಹತ್ತಿದಳು.

ಈ ವೃತ್ತಿಗೆ ಹೊಸದಾಗಿ ಬಂದವರು ಈಗಲೂ ನನ್ನನ್ನು ಕೇಳುತ್ತಾರೆ: ಸರ್, ಸಣ್ಣ ವ್ಯವಹಾರಕ್ಕೆ ಯಾವ ಕ್ಲೌಡ್ ಡೇಟಾಬೇಸ್ ಒಳ್ಳೆಯದು? ನಾನು ಅವರಿಗೆ ಕೋಷ್ಟಕ ಮಾಡಿಕೊಡುವುದಿಲ್ಲ. ಮೊದಲು ಆ ವ್ಯವಹಾರದಲ್ಲಿ ದಿನವೂ ಕೂತು ಕೆಲಸ ಮಾಡುವವರ ಹತ್ತಿರ ಹೋಗಿ, ಇದರಲ್ಲಿರುವುದು ನಾಳೆ ಬೆಳಿಗ್ಗೆ ಇಲ್ಲವಾದರೆ ಯಾರಿಗೆ ಏನಾಗುತ್ತದೆ ಎಂದು ಕೇಳಿ ಎನ್ನುತ್ತೇನೆ. ಶಿವಲೀಲಾ ಅವರನ್ನು ಹಾಗೆ ಕೇಳಿದ್ದರೆ, ಅವರು ಮೊದಲ ದಿನವೇ ಉತ್ತರ ಹೇಳುತ್ತಿದ್ದರು. ಆಮೇಲೆ, ಬ್ಯಾಕಪ್ ಇದೆ ಎಂಬ ಮಾತನ್ನು ನಂಬಬೇಡಿ, ಅದರಿಂದ ಡೇಟಾಬೇಸ್ ಮತ್ತೆ ಎದ್ದು ನಿಲ್ಲುವುದನ್ನು ನಿಮ್ಮ ಕಣ್ಣಿನಿಂದ ನೋಡಿ, ಅದಾಗುವವರೆಗೆ ಹಳೆಯ ವ್ಯವಸ್ಥೆಯನ್ನು ಮುಚ್ಚಬೇಡಿ ಎನ್ನುತ್ತೇನೆ. ಇಷ್ಟು ಹೇಳಲು ದೊಡ್ಡ ಓದು ಬೇಕಿಲ್ಲ. ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಮಾಡದೆ ಬಿಡುವುದು ಎಷ್ಟು ಸುಲಭ ಎಂಬುದು ಗೊತ್ತಿರಲಿಲ್ಲ.

ಇದರಿಂದ ನನಗೆ ಸಮಾಧಾನವೇನೂ ಸಿಕ್ಕಿಲ್ಲ. ಮೂರು ತಿಂಗಳಿಗೊಮ್ಮೆ ಸಿಂದಗಿಗೆ ಹೋಗಿ ರಿಸ್ಟೋರ್ ಪರೀಕ್ಷೆ ಮಾಡಿಸಿ ಬರುತ್ತೇನೆ. ಪ್ರತಿ ಸಲವೂ ಎಲ್ಲ ಸರಿಯಾಗಿ ಮರಳಿ ಬರುತ್ತದೆ, ಒಂದು ಹೆಸರೂ ತಪ್ಪುವುದಿಲ್ಲ. ಆದರೆ ಸಿಗದೆ ಉಳಿದ ಐವರಲ್ಲಿ ಗೊತ್ತಾದದ್ದು ರೇಣುಕಾ ಒಬ್ಬಳ ವಿಷಯ ಮಾತ್ರ. ಇನ್ನು ನಾಲ್ವರು ಈ ನಾಲ್ಕು ತಾಲೂಕುಗಳಲ್ಲೇ ಎಲ್ಲೋ ಇದ್ದಾರೆ. ಅವರ ಮೊದಲ ಮಗುವಿಗೆ ಈಗ ಮೂರು ವರ್ಷ ತುಂಬಿರಬೇಕು. ಮನೆಯಲ್ಲಿ ಇನ್ನೊಂದು ಮಗುವಿನ ಮಾತು ನಡೆದಿರಬಹುದು. ಯಾರೋ ತಮ್ಮನ್ನು ಹುಡುಕುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿಲ್ಲ.